ಪೋಸ್ಟ್‌ಗ್ರೆಸ್‌ನಲ್ಲಿ ಮಾದರಿಯಿಂದ ಹೊಸ ಡೇಟಾಬೇಸ್: ಕನ್ನಡ ಮಾಹಿತಿಗೆ ಒಪ್ಪುವ ಟೆಂಪ್ಲೇಟ್ ಕಟ್ಟುವ ಕ್ರಮ

ಒಂದೇ ಸರ್ವರಿನಲ್ಲಿ ಒಂದೇ ವಿನ್ಯಾಸದ ಹಲವು ಡೇಟಾಬೇಸ್‌ಗಳನ್ನು ನಡೆಸಬೇಕಾದ ಸಂದರ್ಭ ಅಪರೂಪವಲ್ಲ. ಗ್ರಂಥಾಲಯಗಳಿಗೆ ತಂತ್ರಾಂಶ ಒದಗಿಸುವವರು ಪ್ರತಿ ಗ್ರಂಥಾಲಯಕ್ಕೂ, ಸಹಕಾರ ಸಂಘಗಳ ಲೆಕ್ಕ ನೋಡಿಕೊಳ್ಳುವವರು ಪ್ರತಿ ಸಂಘಕ್ಕೂ ಪ್ರತ್ಯೇಕ ಡೇಟಾಬೇಸ್ ತೆರೆಯುತ್ತಾರೆ. ಪ್ರತಿ ಬಾರಿಯೂ ಖಾಲಿ ಡೇಟಾಬೇಸ್ ಮಾಡಿ, ಕೋಷ್ಟಕಗಳ ಸ್ಕ್ರಿಪ್ಟ್ ಓಡಿಸಿ, ಅನುಮತಿಗಳನ್ನು ಕೈಯಾರೆ ಕೊಡುತ್ತ ಹೋದರೆ, ಹತ್ತನೆಯ ಡೇಟಾಬೇಸ್ ಮೊದಲನೆಯದಕ್ಕಿಂತ ಎಲ್ಲೋ ಒಂದು ಕಡೆ ಬೇರೆಯಾಗಿರುತ್ತದೆ; ಆ ವ್ಯತ್ಯಾಸ ಯಾವುದೆಂದು ತಿಳಿಯುವುದು ಬಳಕೆದಾರರ ದೂರು ಬಂದ ಮೇಲೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ, ಅಂದರೆ ಎಲ್ಲರೂ ಪೋಸ್ಟ್‌ಗ್ರೆಸ್ ಎಂದು ಕರೆಯುವ ಡೇಟಾಬೇಸ್ ತಂತ್ರಾಂಶದಲ್ಲಿ, ಇದಕ್ಕೆ ಬೇಕಾದ ಸೌಲಭ್ಯ ಮೊದಲಿನಿಂದಲೂ ಇದೆ. ಅಲ್ಲಿ ಯಾವ ಡೇಟಾಬೇಸೂ ಶೂನ್ಯದಿಂದ ಹುಟ್ಟುವುದಿಲ್ಲ; ಪ್ರತಿಯೊಂದೂ ಇನ್ನೊಂದು ಡೇಟಾಬೇಸಿನ ನಕಲು. ಆ ಮೂಲಕ್ಕೆ ಟೆಂಪ್ಲೇಟ್ ಎಂದು ಹೆಸರು. ಆದ್ದರಿಂದ ನಾವು ತೀರ್ಮಾನಿಸಬೇಕಾದದ್ದು ಟೆಂಪ್ಲೇಟ್ ಬಳಸಬೇಕೇ ಎಂಬುದನ್ನಲ್ಲ, ಯಾವ ಟೆಂಪ್ಲೇಟ್ ಬಳಸಬೇಕು ಮತ್ತು ಅದರೊಳಗೆ ಏನಿರಬೇಕು ಎಂಬುದನ್ನು.

ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಒಂದೇ ಅಳತೆಗೋಲು ಸಾಕು: ಹುಟ್ಟುವಾಗ ಮಾತ್ರ ನಿರ್ಧರಿಸಬಹುದಾದ, ಆಮೇಲೆ ಬದಲಿಸಲು ಬಾರದ ಅಥವಾ ಬದಲಿಸಲು ಬಹಳ ಕಷ್ಟವಾದ ಸಂಗತಿಗಳು ಟೆಂಪ್ಲೇಟಿನಲ್ಲಿ ಮೊದಲು ಸರಿಯಾಗಬೇಕು. ಉಳಿದದ್ದೆಲ್ಲ ಅನುಕೂಲಕ್ಕಾಗಿ. ಕನ್ನಡ ಮಾಹಿತಿ ಇಡುವವರಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ, ಏಕೆಂದರೆ ಅಕ್ಷರಗಳ ಎನ್‌ಕೋಡಿಂಗ್ (ಅವನ್ನು ಬೈಟ್‌ಗಳಾಗಿ ಬರೆದಿಡುವ ರೀತಿ) ಮತ್ತು ಅಕಾರಾದಿಯ ಕ್ರಮ ಎರಡೂ ಡೇಟಾಬೇಸ್ ಹುಟ್ಟುವ ಕ್ಷಣದಲ್ಲೇ ನಿಶ್ಚಯವಾಗುತ್ತವೆ.

ಈ ಲೇಖನದಲ್ಲಿ ಆದೇಶಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು; ಮುಂದೆ ಪರೀಕ್ಷೆಗೆ ಬಳಸುವ 'ಮೈಸೂರು' ಎಂಬ ಪದವನ್ನು ಮಾತ್ರ ಕನ್ನಡದಲ್ಲೇ ಬಿಡಬೇಕು. ಉದಾಹರಣೆಗೆ ಒಂದು ಗ್ರಂಥಾಲಯ ತಂತ್ರಾಂಶವನ್ನು ಇಟ್ಟುಕೊಳ್ಳೋಣ. ಪೋಸ್ಟ್‌ಗ್ರೆಸ್ 15 ಅಥವಾ ಅದಕ್ಕಿಂತ ಹೊಸ ಆವೃತ್ತಿ ನಿಮ್ಮಲ್ಲಿದೆ, ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ಆದೇಶ ಕೊಡುವ ಕಿಟಕಿ) ತೆರೆದು ಸೂಪರ್‌ಯೂಸರ್ (ಎಲ್ಲ ಹಕ್ಕುಗಳಿರುವ ಬಳಕೆದಾರ) ಆಗಿ ಒಳಗೆ ಹೋಗಬಲ್ಲಿರಿ ಎಂದು ಭಾವಿಸಿದ್ದೇನೆ.

ಮೊದಲು ಇರುವುದನ್ನು ನೋಡಿ

ಪೋಸ್ಟ್‌ಗ್ರೆಸ್ ಸ್ಥಾಪನೆಯಾದಾಗ ಮೂರು ಡೇಟಾಬೇಸ್‌ಗಳು ತಾವಾಗಿ ಬರುತ್ತವೆ: ಟೆಂಪ್ಲೇಟ್0, ಟೆಂಪ್ಲೇಟ್1 ಮತ್ತು ಪೋಸ್ಟ್‌ಗ್ರೆಸ್. ಮೂರನೆಯದು ಕೆಲಸಕ್ಕೆ ಕೂರುವ ಜಗಲಿ ಇದ್ದಂತೆ. ಸಂಪರ್ಕ ಪಡೆಯಲು ಒಂದು ಡೇಟಾಬೇಸ್ ಬೇಕಲ್ಲವೇ, ಅದಕ್ಕಾಗಿ ಇದೆ. ಟೆಂಪ್ಲೇಟ್ ಹೆಸರಿಸದೆ ಹೊಸ ಡೇಟಾಬೇಸ್ ಕೇಳಿದರೆ ನಕಲಾಗುವುದು ಟೆಂಪ್ಲೇಟ್1. ಟೆಂಪ್ಲೇಟ್0 ಮಾತ್ರ ಸ್ಥಾಪನೆಯ ಹೊತ್ತಿನ ಶುದ್ಧ ಸ್ಥಿತಿಯಲ್ಲೇ ಉಳಿದಿರುತ್ತದೆ, ಮತ್ತು ಅದರೊಳಗೆ ಯಾರೂ ಹೋಗಿ ಕೆಡಿಸಬಾರದೆಂದು ಸಂಪರ್ಕವನ್ನೇ ನಿರಾಕರಿಸುತ್ತದೆ.

ಪಿಎಸ್‌ಕ್ಯೂಎಲ್‌ನಲ್ಲಿ ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕಿ 'ಎಲ್' ಒತ್ತಿದರೆ ಎಲ್ಲ ಡೇಟಾಬೇಸ್‌ಗಳ ಪಟ್ಟಿ ಬರುತ್ತದೆ. ಎನ್‌ಕೋಡಿಂಗ್ ಎಂಬ ಕಂಬಸಾಲನ್ನು (ಕಾಲಮ್) ಗಮನವಿಟ್ಟು ಓದಿ. ಅಲ್ಲಿ ಯುಟಿಎಫ್8 ಇರಬೇಕು. ಸ್ಥಾಪಿಸುವಾಗ ಲೊಕೇಲ್ (ಭಾಷೆ, ಪ್ರದೇಶಗಳ ನಿಯಮಗಳ ಆಯ್ಕೆ) 'ಸಿ' ಆಗಿದ್ದು ಎನ್‌ಕೋಡಿಂಗ್ ಬೇರೆಯಾಗಿ ಹೇಳದಿದ್ದರೆ ಎಸ್‌ಕ್ಯೂಎಲ್_ಆಸ್ಕಿ ಬಂದಿರಬಹುದು. ವಿಂಡೋಸ್ ಯಂತ್ರಗಳಲ್ಲಿ ವಿನ್1252 ಸಿಗುವುದೂ ಉಂಟು. ಎರಡರಲ್ಲಿ ಹೆಚ್ಚು ಅಪಾಯ ಎಸ್‌ಕ್ಯೂಎಲ್_ಆಸ್ಕಿಯದ್ದು, ಏಕೆಂದರೆ ವಿನ್1252 ಕನ್ನಡವನ್ನು ಕಂಡೊಡನೆ ದೋಷ ತೋರಿಸಿ ನಿಲ್ಲಿಸುತ್ತದೆ, ಎಸ್‌ಕ್ಯೂಎಲ್_ಆಸ್ಕಿ ಏನನ್ನೂ ಪರೀಕ್ಷಿಸದೆ ಬೈಟ್‌ಗಳನ್ನು ನುಂಗಿಕೊಳ್ಳುತ್ತದೆ. ಅನುಮಾನವಿದ್ದರೆ ಇಷ್ಟು ಮಾಡಿ ನೋಡಿ:

ಸೆಲೆಕ್ಟ್ ಲೆಂತ್('ಮೈಸೂರು');

ಯುಟಿಎಫ್8 ಡೇಟಾಬೇಸಿನಲ್ಲಿ ಉತ್ತರ 6 ಬರುತ್ತದೆ. ಕಣ್ಣಿಗೆ ಮೂರೇ ಅಕ್ಷರ ಕಂಡರೂ ಮೂರು ವ್ಯಂಜನ, ಮೂರು ಸ್ವರಚಿಹ್ನೆ ಸೇರಿ ಆರು ಸಂಕೇತಗಳು. ಎಸ್‌ಕ್ಯೂಎಲ್_ಆಸ್ಕಿಯಲ್ಲಿ ಉತ್ತರ 18, ಏಕೆಂದರೆ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು ಮತ್ತು ಅದು ಎಣಿಸುವುದು ಬೈಟ್‌ಗಳನ್ನು. 18 ಕಂಡರೆ ಅಲ್ಲಿ ಮುಂದುವರಿಯಬೇಡಿ.

ಸ್ವಂತ ಟೆಂಪ್ಲೇಟ್ ಹುಟ್ಟಿಸುವುದು

ಬೇಕಾದದ್ದನ್ನೆಲ್ಲ ಟೆಂಪ್ಲೇಟ್1ಕ್ಕೆ ತುಂಬುವುದು ಸುಲಭದ ದಾರಿಯಂತೆ ಕಾಣುತ್ತದೆ, ಅನೇಕ ಬರಹಗಳೂ ಹಾಗೆಯೇ ಹೇಳುತ್ತವೆ. ನಾನು ಅದನ್ನು ಒಪ್ಪುವುದಿಲ್ಲ. ಟೆಂಪ್ಲೇಟ್1 ಆ ಸರ್ವರಿನ ಎಲ್ಲರಿಗೂ ಸೇರಿದ್ದು. ಪರೀಕ್ಷೆಗೆಂದು ಯಾರೋ ತೆರೆದ ಡೇಟಾಬೇಸಿನಲ್ಲೂ ನಿಮ್ಮ ಗ್ರಂಥಾಲಯದ ಕೋಷ್ಟಕಗಳು ಬಂದು ಕೂರುವುದು ಯಾರಿಗೂ ಬೇಡ. ಹೆಸರಿಟ್ಟ ಪ್ರತ್ಯೇಕ ಟೆಂಪ್ಲೇಟ್ ಮಾಡುವುದೇ ಮೇಲು:

ಕ್ರಿಯೇಟ್ ಡೇಟಾಬೇಸ್ ಗ್ರಂಥ_ಮಾದರಿ
ಟೆಂಪ್ಲೇಟ್ ಟೆಂಪ್ಲೇಟ್0
ಎನ್‌ಕೋಡಿಂಗ್ 'ಯುಟಿಎಫ್8'
ಲೊಕೇಲ್_ಪ್ರೊವೈಡರ್ ಐಸಿಯು
ಐಸಿಯು_ಲೊಕೇಲ್ 'ಕೆಎನ್-ಐಎನ್';

ಇಲ್ಲಿ ಟೆಂಪ್ಲೇಟ್0ವನ್ನೇ ಹೆಸರಿಸಿದ್ದಕ್ಕೆ ಕಾರಣವಿದೆ. ಎನ್‌ಕೋಡಿಂಗನ್ನಾಗಲಿ ಲೊಕೇಲನ್ನಾಗಲಿ ಮೂಲಕ್ಕಿಂತ ಬೇರೆಯಾಗಿ ಕೇಳಲು ಪೋಸ್ಟ್‌ಗ್ರೆಸ್ ಟೆಂಪ್ಲೇಟ್0ದಿಂದ ನಕಲು ಮಾಡುವಾಗ ಮಾತ್ರ ಬಿಡುತ್ತದೆ. ಬೇರೆ ಯಾವ ಡೇಟಾಬೇಸಿನಲ್ಲಾದರೂ ಹಳೆಯ ಎನ್‌ಕೋಡಿಂಗಿನ ಪಠ್ಯ ಅಥವಾ ಹಳೆಯ ಕ್ರಮದಲ್ಲಿ ಜೋಡಿಸಿದ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇರಬಹುದು, ಅದನ್ನು ಹಾಗೆಯೇ ನಕಲು ಮಾಡಿ ಹೊಸ ಲೊಕೇಲಿನ ಹೆಸರು ಅಂಟಿಸಿದರೆ ಇಂಡೆಕ್ಸ್ ಸುಳ್ಳು ಹೇಳತೊಡಗುತ್ತದೆ. ಟೆಂಪ್ಲೇಟ್0ದಲ್ಲಿ ಅಂಥದ್ದೇನೂ ಇಲ್ಲವೆಂಬ ಭರವಸೆ ಇದೆ. ಟೆಂಪ್ಲೇಟ್1ರಿಂದ ಮಾಡಲು ಹೋದರೆ ಹೊಸ ಎನ್‌ಕೋಡಿಂಗ್ ಟೆಂಪ್ಲೇಟಿನ ಎನ್‌ಕೋಡಿಂಗಿಗೆ ಹೊಂದುವುದಿಲ್ಲ ಎಂಬ ದೋಷ ಬರುತ್ತದೆ. ಆ ದೋಷದ ಕೆಳಗಿನ ಸೂಚನೆಯಲ್ಲೇ ಪರಿಹಾರವೂ ಇರುತ್ತದೆ.

ಐಸಿಯು ಏಕೆ? ಅದು ಆಯಾ ಭಾಷೆಯ ಅಕಾರಾದಿ ಕ್ರಮ ಬಲ್ಲ ತಂತ್ರಾಂಶ ಭಾಗ. 'ಸಿ' ಲೊಕೇಲಿನಲ್ಲಿ ಪಠ್ಯ ಜೋಡಣೆ ನಡೆಯುವುದು ಯೂನಿಕೋಡ್ ಸಂಖ್ಯೆಗಳ ಕ್ರಮದಲ್ಲಿ. ಯೂನಿಕೋಡಿನ ಕನ್ನಡ ವಿಭಾಗದಲ್ಲಿ 'ಳ' ಬರುವುದು 'ಲ'ದ ಬೆನ್ನಿಗೆ, 'ವ'ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಾದರೋ 'ಹ' ಆದ ಮೇಲೆ 'ಳ'. ಆದ್ದರಿಂದ ಊರುಗಳ ಪಟ್ಟಿಯಲ್ಲಿ ಬಳ್ಳಾರಿ ಬಸವಕಲ್ಯಾಣಕ್ಕಿಂತ ಮೇಲೆ ಬಂದು ನಿಲ್ಲುತ್ತದೆ, ಗ್ರಂಥಾಲಯದ ಸೂಚಿ ಕಾರ್ಡುಗಳಿಗೆ ಒಗ್ಗಿದ ಓದುಗರು ಕೆಳಗೆ ಹುಡುಕುತ್ತಿರುತ್ತಾರೆ. ಟೆಂಪ್ಲೇಟ್ ಮಾಡಿದ ಕೂಡಲೇ ಈ ಎರಡು ಹೆಸರುಗಳನ್ನು ಆರ್ಡರ್ ಬೈ ಹಾಕಿ ತರಿಸಿ ನೋಡಿ. ಬಸವಕಲ್ಯಾಣ ಮೊದಲು ಬಂದರೆ ಕ್ರಮ ಸರಿಯಿದೆ. ಆಪರೇಟಿಂಗ್ ಸಿಸ್ಟಮ್ ಒದಗಿಸುವ ಲೊಕೇಲನ್ನೂ ಬಳಸಬಹುದು, ಆದರೆ ಕನ್ನಡದ ಲೊಕೇಲ್ ಆ ಯಂತ್ರದಲ್ಲಿ ಇರಲೇಬೇಕೆಂದೇನಿಲ್ಲ, ಲಿನಕ್ಸಿಗೂ ವಿಂಡೋಸಿಗೂ ಹೆಸರುಗಳೂ ಬೇರೆ. ಡೇಟಾಬೇಸ್ ಮಟ್ಟದಲ್ಲೇ ಐಸಿಯು ಆರಿಸಿಕೊಳ್ಳುವ ಅವಕಾಶ 15ನೆಯ ಆವೃತ್ತಿಯಲ್ಲಿ ಬಂತು; ಈ ಕ್ರಮಕ್ಕೆ ಆ ಆವೃತ್ತಿ ಬೇಕೆಂದದ್ದು ಅದಕ್ಕಾಗಿಯೇ.

ಟೆಂಪ್ಲೇಟಿಗೆ ತುಂಬುವುದು

ಗ್ರಂಥ_ಮಾದರಿಗೆ ಸಂಪರ್ಕಿಸಿ, ಬೇಕಾದ ಎಕ್ಸ್‌ಟೆನ್ಶನ್‌ಗಳನ್ನು (ಹೆಚ್ಚುವರಿ ಸೌಲಭ್ಯಗಳ ಕಟ್ಟುಗಳನ್ನು) ಮೊದಲು ಸೇರಿಸಿ. ಭೂಪಟದ ಕೆಲಸವಿದ್ದರೆ ಪೋಸ್ಟ್‌ಜಿಐಎಸ್, ಗೂಢಲಿಪಿಗೆ ಪಿಜಿಕ್ರಿಪ್ಟೊ, ಹೀಗೆ. ಕ್ರಿಯೇಟ್ ಎಕ್ಸ್‌ಟೆನ್ಶನ್ ಆದೇಶ 2011ರಲ್ಲಿ, 9.1ನೆಯ ಆವೃತ್ತಿಯಲ್ಲಿ ಬರುವ ತನಕ ಪೋಸ್ಟ್‌ಜಿಐಎಸ್ ಬಳಸುವವರು ಅದಕ್ಕೆಂದೇ ಒಂದು ಟೆಂಪ್ಲೇಟ್ ಇಟ್ಟುಕೊಂಡಿರುತ್ತಿದ್ದರು. ಈಗ ಅದು ಒಂದು ಸಾಲಿನ ಕೆಲಸ, ಆದರೂ ಟೆಂಪ್ಲೇಟಿನಲ್ಲಿ ಒಮ್ಮೆ ಹಾಕಿದರೆ ಮತ್ತೆ ಮರೆಯುವ ಪ್ರಶ್ನೆ ಬರುವುದಿಲ್ಲ.

ಕೋಷ್ಟಕಗಳಿಗೂ ಮುನ್ನ ಒಂದು ಡೊಮೇನ್, ಅಂದರೆ ಕಟ್ಟುಪಾಡು ಸೇರಿಸಿದ ಸ್ವಂತ ಮಾಹಿತಿ ಪ್ರಕಾರ, ಮಾಡಿಕೊಳ್ಳಿ. ಕನ್ನಡ ಪಠ್ಯಕ್ಕೆ ಇದರಿಂದ ಆಗುವ ಉಪಕಾರ ದೊಡ್ಡದು. 'ಕೋಲಾರ' ಎಂಬಲ್ಲಿನ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಒಕಾರದ ಚಿಹ್ನೆಗೆ ದೀರ್ಘದ ಚಿಹ್ನೆ ಸೇರಿಸಿ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕುವಾಗ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಯುನೀಕ್ ಎಂದು ಕಟ್ಟುಪಾಡು ಹಾಕಿದ ಕಂಬಸಾಲಿನಲ್ಲೂ ಎರಡು ಕೋಲಾರಗಳು ನೆಮ್ಮದಿಯಿಂದ ಕೂರುತ್ತವೆ. ಇದನ್ನು ತಡೆಯಲು:

ಕ್ರಿಯೇಟ್ ಡೊಮೇನ್ ಕನ್ನಡ_ಪಠ್ಯ ಆಸ್ ಟೆಕ್ಸ್ಟ್
ಚೆಕ್ (ವ್ಯಾಲ್ಯೂ ಈಸ್ ಎನ್‌ಎಫ್‌ಸಿ ನಾರ್ಮಲೈಸ್ಡ್);

ಎನ್‌ಎಫ್‌ಸಿ ಎಂದರೆ ಸಂಕೇತಗಳನ್ನು ಒಂದುಗೂಡಿಸಿ ಬರೆಯುವ ಯೂನಿಕೋಡ್ ರೂಪ. ಪುಸ್ತಕದ ಶೀರ್ಷಿಕೆ, ಲೇಖಕರ ಹೆಸರು, ಊರು ಮುಂತಾದ ಕಂಬಸಾಲುಗಳಿಗೆ ಟೆಕ್ಸ್ಟ್ ಬದಲು ಈ ಡೊಮೇನ್ ಕೊಟ್ಟರೆ ಬಿಡಿಸಿ ಬರೆದ ರೂಪವನ್ನು ಡೇಟಾಬೇಸ್ ಒಪ್ಪುವುದಿಲ್ಲ, ತಂತ್ರಾಂಶ ನಾರ್ಮಲೈಸ್ ಫಂಕ್ಷನ್ ಬಳಸಿ ಒಂದುಗೂಡಿಸಿಯೇ ಕಳುಹಿಸಬೇಕಾಗುತ್ತದೆ. ಈ ಪರೀಕ್ಷೆ 13ನೆಯ ಆವೃತ್ತಿಯಿಂದ ಇದೆ, ಯುಟಿಎಫ್8ರಲ್ಲಿ ಮಾತ್ರ ನಡೆಯುತ್ತದೆ. 'ಸಾಫ್ಟ್‌ವೇರ್' ಎಂಬಂಥ ಪದಗಳಲ್ಲಿ ಒತ್ತಕ್ಷರ ಬಾರದಂತೆ ನಡುವೆ ಹಾಕುವ, ಕಣ್ಣಿಗೆ ಕಾಣದ ಸಂಕೇತವನ್ನು ಇದು ತೆಗೆಯುವುದಿಲ್ಲ ಎಂಬುದು ನೆನಪಿರಲಿ. ಅದಕ್ಕೆ ಹುಡುಕಾಟದ ಹಂತದಲ್ಲೇ ಬೇರೆ ಏರ್ಪಾಡು ಮಾಡಬೇಕು. ಸಾವಿರಾರು ಪುಸ್ತಕಗಳ ಮಾಹಿತಿ ತುಂಬಿದ ಮೇಲೆ ಈ ಕಟ್ಟುಪಾಡನ್ನು ತರಲು ಹೊರಟರೆ ಮೊದಲು ಹಳೆಯ ಸಾಲುಗಳನ್ನೆಲ್ಲ ತಿದ್ದಬೇಕು. ಟೆಂಪ್ಲೇಟಿನಲ್ಲಿ ಇದ್ದರೆ ಆ ಕೆಲಸವೇ ಹುಟ್ಟುವುದಿಲ್ಲ.

ಇನ್ನು ಕೋಷ್ಟಕಗಳು, ವ್ಯೂಗಳು, ಫಂಕ್ಷನ್‌ಗಳು. ಇವನ್ನು ನಿಮ್ಮ ಸ್ಕ್ರಿಪ್ಟಿನಿಂದಲೇ ಓಡಿಸಿ. ಟೆಂಪ್ಲೇಟಿನೊಳಗೆ ಕುಳಿತು ಕೈಯಾರೆ ಒಂದೊಂದೇ ಮಾಡಬೇಡಿ. ಆ ಸ್ಕ್ರಿಪ್ಟ್ ಗಿಟ್‌ನಲ್ಲಿರಲಿ. ಟೆಂಪ್ಲೇಟ್ ಎಂಬುದು ಸ್ಕ್ರಿಪ್ಟಿನ ಫಲ, ಯಾವಾಗ ಬೇಕಾದರೂ ಅಳಿಸಿ ಮತ್ತೆ ಕಟ್ಟಬಹುದು ಎಂಬ ಸ್ಥಿತಿ ಇರಬೇಕು.

ಯಾರ ಹೆಸರಿನಲ್ಲಿ?

ಹೆಚ್ಚಿನವರು ಎಡವುವುದು ಇಲ್ಲಿ. ಹೊಸ ಡೇಟಾಬೇಸ್ ಮಾಡುವಾಗ ಓನರ್ ಎಂದು ಯಾರ ಹೆಸರು ಕೊಟ್ಟರೂ ಅವರು ಒಡೆಯರಾಗುವುದು ಡೇಟಾಬೇಸಿಗೆ ಮಾತ್ರ. ಒಳಗಿನ ಕೋಷ್ಟಕಗಳು ಟೆಂಪ್ಲೇಟಿನಲ್ಲಿ ಯಾರ ಹೆಸರಿನಲ್ಲಿದ್ದವೋ ಅವರ ಹೆಸರಿನಲ್ಲೇ ಉಳಿಯುತ್ತವೆ. ಸೂಪರ್‌ಯೂಸರ್ ಮಾಡಿದ ಕೋಷ್ಟಕವನ್ನು ಬದಲಿಸಲು ಹೊಸ ಒಡೆಯರಿಗೆ ಹಕ್ಕಿರುವುದಿಲ್ಲ. ಹಿಂದೆ ಪ್ರತಿ ನಕಲಿನ ನಂತರವೂ ಒಡೆತನ ಬದಲಿಸುವ ಆದೇಶಗಳ ಸರಮಾಲೆಯನ್ನೇ ಓಡಿಸುತ್ತಿದ್ದರು. 14ನೆಯ ಆವೃತ್ತಿಯಲ್ಲಿ ಪಿಜಿ_ಡೇಟಾಬೇಸ್_ಓನರ್ ಎಂಬ ವಿಶೇಷ ರೋಲ್ (ಹಕ್ಕುಗಳನ್ನು ಪಡೆಯುವ ಬಳಕೆದಾರ ಅಥವಾ ಗುಂಪು) ಬಂತು. ಆಯಾ ಡೇಟಾಬೇಸಿನ ಒಡೆಯರೇ ತಾವಾಗಿ ಅದರ ಸದಸ್ಯರು, ಬೇರೆ ಯಾರನ್ನೂ ಅದಕ್ಕೆ ಸೇರಿಸಲು ಬರುವುದಿಲ್ಲ. ಟೆಂಪ್ಲೇಟಿನ ಕೋಷ್ಟಕಗಳನ್ನು ಇದರ ಹೆಸರಿಗೆ ಮಾಡಿಬಿಡಿ:

ಆಲ್ಟರ್ ಟೇಬಲ್ ಪುಸ್ತಕ ಓನರ್ ಟು ಪಿಜಿ_ಡೇಟಾಬೇಸ್_ಓನರ್;

ಇದಾದ ಮೇಲೆ ಮೈಸೂರಿನ ಡೇಟಾಬೇಸ್ ಯಾರ ಹೆಸರಿನಲ್ಲಿ ಹುಟ್ಟುತ್ತದೋ ಅವರಿಗೆ ಅಲ್ಲಿನ ಪುಸ್ತಕ ಕೋಷ್ಟಕದ ಹಕ್ಕು ಬರುತ್ತದೆ, ಧಾರವಾಡದ್ದು ಅಲ್ಲಿಯವರಿಗೆ. 15ನೆಯ ಆವೃತ್ತಿಯಿಂದ ಪಬ್ಲಿಕ್ ಸ್ಕೀಮಾ (ಕೋಷ್ಟಕಗಳು ಸಹಜವಾಗಿ ಸೇರುವ ವಿಭಾಗ) ಕೂಡ ಇದೇ ರೋಲಿನ ಒಡೆತನದಲ್ಲಿದೆ, ಅದರಲ್ಲಿ ಯಾರು ಬೇಕಾದರೂ ಕೋಷ್ಟಕ ಮಾಡುವ ಹಳೆಯ ಸಡಿಲಿಕೆ ಹೋಗಿದೆ.

ತಂತ್ರಾಂಶ ನಿತ್ಯ ಬಳಸುವ ರೋಲಿಗೆ ಕೋಷ್ಟಕಗಳ ಮೇಲೆ ಕೊಟ್ಟ ಅನುಮತಿಗಳು, ಆಲ್ಟರ್ ಡಿಫಾಲ್ಟ್ ಪ್ರಿವಿಲೆಜಸ್ ಮೂಲಕ ಕೊಟ್ಟವೂ ಸೇರಿದಂತೆ, ನಕಲಿನಲ್ಲಿ ಬರುತ್ತವೆ. ರೋಲ್‌ಗಳು ಮಾತ್ರ ಇಡೀ ಸರ್ವರಿಗೆ ಸೇರಿದವು, ಯಾವ ಒಂದು ಡೇಟಾಬೇಸಿಗೂ ಸೇರಿದವಲ್ಲ. ಇದರ ಪರಿಣಾಮವನ್ನು ಸ್ವಲ್ಪ ಯೋಚಿಸಿ: ಗ್ರಂಥಪಾಲಕ ಎಂಬ ಗುಂಪು ರೋಲಿಗೆ ಟೆಂಪ್ಲೇಟಿನಲ್ಲಿ ಅನುಮತಿ ಕೊಟ್ಟರೆ, ಆ ಗುಂಪಿನ ಪ್ರತಿ ಸದಸ್ಯರಿಗೂ ಎಲ್ಲ ನಕಲುಗಳಲ್ಲೂ ಅದೇ ಅನುಮತಿ. ಮೈಸೂರಿನ ಗ್ರಂಥಪಾಲಕರು ಧಾರವಾಡದ ಸದಸ್ಯರ ಪಟ್ಟಿ ಓದದಂತೆ ತಡೆಯುವುದು ಮುಂದೆ ಹೇಳುವ ಕನೆಕ್ಟ್ ಅನುಮತಿ ಒಂದೇ.

ಬಾಗಿಲು ಹಾಕುವ ಮುನ್ನ

ಪರೀಕ್ಷೆಗೆಂದು ಹಾಕಿದ ಸಾಲುಗಳನ್ನು ಅಳಿಸಿದರೆ ಸಾಲದು. ಸೀಕ್ವೆನ್ಸ್‌ಗಳ (ಕ್ರಮಸಂಖ್ಯೆ ಕೊಡುವ ಎಣಿಕೆಗಳ) ಸ್ಥಿತಿಯೂ ನಕಲಾಗುತ್ತದೆ. ಟೆಂಪ್ಲೇಟಿನಲ್ಲಿ 47 ಸದಸ್ಯರನ್ನು ಹಾಕಿ ಅಳಿಸಿದ್ದರೆ, ಹೊಸ ಗ್ರಂಥಾಲಯದ ಮೊದಲ ಸದಸ್ಯರ ಸಂಖ್ಯೆ 48 ಆಗುತ್ತದೆ, ಉಳಿದ 47 ಜನ ಎಲ್ಲಿ ಹೋದರು ಎಂದು ಲೆಕ್ಕ ಪರಿಶೋಧಕರು ಕೇಳುತ್ತಾರೆ. ಟ್ರಂಕೇಟ್ ಆದೇಶಕ್ಕೆ ರೀಸ್ಟಾರ್ಟ್ ಐಡೆಂಟಿಟಿ ಸೇರಿಸಿ ಓಡಿಸಿದರೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಆಡಳಿತಗಾರರ ಖಾತೆ. ಬಳಕೆದಾರರ ಕೋಷ್ಟಕದಲ್ಲಿ ಅಡ್ಮಿನ್ ಎಂಬ ಸಾಲನ್ನೂ ಅದರ ಪಾಸ್‌ವರ್ಡನ್ನೂ ಟೆಂಪ್ಲೇಟಿನಲ್ಲೇ ಬಿಟ್ಟರೆ ಎಲ್ಲ ಗ್ರಂಥಾಲಯಗಳಿಗೂ ಒಂದೇ ಬೀಗದ ಕೈ ಆಗುತ್ತದೆ, ಹ್ಯಾಶ್ ಮಾಡಿ ಇಟ್ಟಿದ್ದರೂ ಅಷ್ಟೇ. ಸ್ಥಾಪನೆಯ ಗುರುತು ಸಂಖ್ಯೆ, ಎಪಿಐ ಕೀಲಿ ಮುಂತಾದವೂ ಹಾಗೆಯೇ. ಪ್ರತಿಯೊಂದಕ್ಕೂ ಬೇರೆಬೇರೆಯಾಗಿರಬೇಕಾದ ಯಾವುದೂ ಟೆಂಪ್ಲೇಟಿನಲ್ಲಿ ಇರಕೂಡದು.

ಇರಬಹುದಾದ ಮಾಹಿತಿ ಎಂದರೆ ಎಲ್ಲರಿಗೂ ಸಮಾನವಾದ ಪಟ್ಟಿಗಳು: ಭಾಷೆಗಳು, ಪುಸ್ತಕ ವರ್ಗೀಕರಣ, ಜಿಲ್ಲೆಗಳು. ಅಲ್ಲಿಯೂ ಒಂದು ಎಚ್ಚರ ಬೇಕು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರ್ಪಟ್ಟು ಕರ್ನಾಟಕದ ಜಿಲ್ಲೆಗಳು 31 ಆದವು. 30 ಜಿಲ್ಲೆಗಳ ಪಟ್ಟಿ ಇದ್ದ ಟೆಂಪ್ಲೇಟನ್ನು ಅಂದು ತಿದ್ದಿದ್ದರೂ ಅದರಿಂದ ಮೊದಲೇ ಹುಟ್ಟಿದ ಡೇಟಾಬೇಸ್‌ಗಳಲ್ಲಿ ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲೇ ಉಳಿಯುತ್ತಿತ್ತು. ನಕಲಾದ ಮೇಲೆ ಟೆಂಪ್ಲೇಟಿಗೂ ಹೊಸ ಡೇಟಾಬೇಸಿಗೂ ಯಾವ ನಂಟೂ ಇಲ್ಲ. ಆದ್ದರಿಂದ ಪ್ರತಿ ಬದಲಾವಣೆಗೂ ಸಂಖ್ಯೆಯಿಟ್ಟ ಮೈಗ್ರೇಶನ್ ಸ್ಕ್ರಿಪ್ಟ್ ಬರೆದು ಟೆಂಪ್ಲೇಟಿನಲ್ಲೂ ಹಳೆಯ ಎಲ್ಲ ಡೇಟಾಬೇಸ್‌ಗಳಲ್ಲೂ ಓಡಿಸಬೇಕು. ಯಾವುದು ಎಲ್ಲಿಯವರೆಗೆ ಬಂದಿದೆ ಎಂದು ತಿಳಿಯಲು ಮಾದರಿ_ಆವೃತ್ತಿ ಎಂಬ ಚಿಕ್ಕ ಕೋಷ್ಟಕವನ್ನು ಟೆಂಪ್ಲೇಟಿನಲ್ಲೇ ಇಡಿ.

ಎಲ್ಲ ಮುಗಿದ ಮೇಲೆ ಸಂಪರ್ಕ ಕಡಿದುಕೊಂಡು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಬನ್ನಿ, ಮತ್ತು:

ಆಲ್ಟರ್ ಡೇಟಾಬೇಸ್ ಗ್ರಂಥ_ಮಾದರಿ ವಿತ್ ಈಸ್_ಟೆಂಪ್ಲೇಟ್ ಟ್ರೂ ಅಲೋ_ಕನೆಕ್ಷನ್ಸ್ ಫಾಲ್ಸ್;

ಈಸ್_ಟೆಂಪ್ಲೇಟ್ ನಿಜವಾಗಿದ್ದರೆ ಡೇಟಾಬೇಸ್ ಮಾಡುವ ಹಕ್ಕಿರುವ ಯಾರಾದರೂ ಅದನ್ನು ನಕಲು ಮಾಡಬಹುದು. ಇಲ್ಲವಾದರೆ ಸೂಪರ್‌ಯೂಸರ್ ಮತ್ತು ಒಡೆಯರು ಮಾತ್ರ. ಇನ್ನೊಂದು ಲಾಭ, ಟೆಂಪ್ಲೇಟ್ ಎಂದು ಗುರುತಾದದ್ದನ್ನು ಡ್ರಾಪ್ ಮಾಡಲು ಬರುವುದಿಲ್ಲ. ಸಂಪರ್ಕ ಮುಚ್ಚುವುದರ ಲಾಭ ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹೊಸ ಡೇಟಾಬೇಸ್

ಕ್ರಿಯೇಟ್ ಡೇಟಾಬೇಸ್ ಗ್ರಂಥ_ಮೈಸೂರು ಟೆಂಪ್ಲೇಟ್ ಗ್ರಂಥ_ಮಾದರಿ ಓನರ್ ಮೈಸೂರು_ನಿರ್ವಾಹಕ;

ಎನ್‌ಕೋಡಿಂಗ್, ಐಸಿಯು ಲೊಕೇಲ್ ಮತ್ತೆ ಹೇಳಬೇಕಿಲ್ಲ, ಟೆಂಪ್ಲೇಟಿನಿಂದ ಬರುತ್ತವೆ. ಇದನ್ನು ಟ್ರಾನ್ಸಾಕ್ಷನ್ ಒಳಗೆ ಓಡಿಸಲು ಆಗುವುದಿಲ್ಲ. ಮೂಲ ಡೇಟಾಬೇಸನ್ನು ಬೇರೆಯವರು ಬಳಸುತ್ತಿದ್ದಾರೆ ಎಂಬ ದೋಷ ಬಂದರೆ, ಯಾರೋ ಟೆಂಪ್ಲೇಟಿಗೆ ಸಂಪರ್ಕದಲ್ಲಿದ್ದಾರೆ ಎಂದರ್ಥ. ನಕಲು ನಡೆಯುವಾಗ ಮೂಲಕ್ಕೆ ಒಂದೇ ಒಂದು ಸಂಪರ್ಕವೂ ಇರಬಾರದು. ಪಿಜಿ_ಸ್ಟಾಟ್_ಆಕ್ಟಿವಿಟಿ ವ್ಯೂ ನೋಡಿದರೆ ಯಾರೆಂದು ತಿಳಿಯುತ್ತದೆ. ಹೆಚ್ಚಾಗಿ ಅದು ಮರೆತು ತೆರೆದಿಟ್ಟ ಪಿಜಿಅಡ್ಮಿನ್ ಕಿಟಕಿಯೇ ಆಗಿರುತ್ತದೆ. ಅಲೋ_ಕನೆಕ್ಷನ್ಸ್ ಮುಚ್ಚಿದ್ದರೆ ಈ ರಗಳೆ ಇಲ್ಲ.

ಟೆಂಪ್ಲೇಟ್ ದೊಡ್ಡದಾಗಿದ್ದರೆ ಸ್ಟ್ರಾಟಜಿ ಎಂಬ ಆಯ್ಕೆ ಗಮನಿಸಿ. 15ನೆಯ ಆವೃತ್ತಿಯಿಂದ ಸಹಜ ಕ್ರಮ ವಾಲ್_ಲಾಗ್, ಅಂದರೆ ನಕಲಾಗುವ ಪ್ರತಿ ಬ್ಲಾಕನ್ನೂ ದಾಖಲೆಗೆ ಬರೆಯುವುದು. ಚಿಕ್ಕ ಟೆಂಪ್ಲೇಟಿಗೆ ಅದೇ ಒಳ್ಳೆಯದು. ಹಲವು ಗಿಗಾಬೈಟ್ ಇದ್ದರೆ ಫೈಲ್_ಕಾಪಿ ಕೇಳಬಹುದು, ಆದರೆ ಅದು ಚೆಕ್‌ಪಾಯಿಂಟ್ (ಮೆಮೊರಿಯಲ್ಲಿರುವ ಬದಲಾವಣೆಗಳನ್ನೆಲ್ಲ ಡಿಸ್ಕಿಗೆ ಬರೆಯುವ ಕೆಲಸ) ಮಾಡಿಸುವುದರಿಂದ ಸರ್ವರಿನ ಉಳಿದ ಕೆಲಸಕ್ಕೆ ಕೊಂಚ ಹೊಡೆತ ಬೀಳುತ್ತದೆ.

ನಕಲಾಗದೆ ಉಳಿಯುವ ಎರಡು ಸಂಗತಿಗಳನ್ನು ಈಗ ಕೈಯಾರೆ ಸೇರಿಸಬೇಕು: ಡೇಟಾಬೇಸ್ ಮಟ್ಟದ ಅನುಮತಿಗಳು ಮತ್ತು ಆಲ್ಟರ್ ಡೇಟಾಬೇಸ್ ಸೆಟ್ ಮೂಲಕ ಮಾಡಿದ ಸೆಟ್ಟಿಂಗ್‌ಗಳು. ಟೆಂಪ್ಲೇಟಿನಲ್ಲಿ ಎಷ್ಟೇ ಬಿಗಿ ಮಾಡಿದ್ದರೂ ಹೊಸ ಡೇಟಾಬೇಸಿಗೆ ಸಂಪರ್ಕಿಸುವ ಹಕ್ಕು ಸರ್ವರಿನ ಎಲ್ಲ ರೋಲ್‌ಗಳಿಗೂ ಮತ್ತೆ ಸಿಕ್ಕಿರುತ್ತದೆ.

ರಿವೋಕ್ ಕನೆಕ್ಟ್ ಆನ್ ಡೇಟಾಬೇಸ್ ಗ್ರಂಥ_ಮೈಸೂರು ಫ್ರಮ್ ಪಬ್ಲಿಕ್;
ಗ್ರಾಂಟ್ ಕನೆಕ್ಟ್ ಆನ್ ಡೇಟಾಬೇಸ್ ಗ್ರಂಥ_ಮೈಸೂರು ಟು ಮೈಸೂರು_ಸಿಬ್ಬಂದಿ;
ಆಲ್ಟರ್ ಡೇಟಾಬೇಸ್ ಗ್ರಂಥ_ಮೈಸೂರು ಸೆಟ್ ಟೈಮ್‌ಝೋನ್ ಟು 'ಏಷ್ಯಾ/ಕೋಲ್ಕತಾ';

ಈ ಮೂರು ಸಾಲುಗಳನ್ನೂ ಕ್ರಿಯೇಟ್ ಆದೇಶವನ್ನೂ ಒಂದೇ ಶೆಲ್ ಸ್ಕ್ರಿಪ್ಟಿನಲ್ಲಿ ಇಟ್ಟು ಊರಿನ ಹೆಸರನ್ನು ಮಾತ್ರ ಹೊರಗಿನಿಂದ ಕೊಡುವಂತೆ ಮಾಡಿ. ಮೊದಲ ಸಾಲನ್ನು ಬಿಟ್ಟರೂ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ, ಯಾವ ದೋಷವೂ ಕಾಣಿಸುವುದಿಲ್ಲ. ಅದಕ್ಕಾಗಿಯೇ ಅದನ್ನು ಮನುಷ್ಯರ ನೆನಪಿಗೆ ಬಿಡಬಾರದು.

ಮುಂದಿನ ನಿರ್ವಹಣೆ

ಪಿಜಿ_ಡಂಪ್‌ನಿಂದ ತೆಗೆದ ಬ್ಯಾಕಪ್ ಮರಳಿ ತುಂಬುವಾಗ ಈ ಟೆಂಪ್ಲೇಟ್ ಬಳಸಬೇಡಿ. ಬ್ಯಾಕಪ್ಪಿನಲ್ಲಿ ಕೋಷ್ಟಕಗಳೆಲ್ಲ ಇರುವುದರಿಂದ ಪ್ರತಿಯೊಂದಕ್ಕೂ 'ಈಗಾಗಲೇ ಇದೆ' ಎಂಬ ದೋಷ ಬರುತ್ತದೆ. ಟೆಂಪ್ಲೇಟ್0ದಿಂದ, ಅದೇ ಎನ್‌ಕೋಡಿಂಗ್ ಮತ್ತು ಲೊಕೇಲ್ ಹೇಳಿ, ಖಾಲಿ ಡೇಟಾಬೇಸ್ ಮಾಡಿ ಅದಕ್ಕೆ ತುಂಬಿ.

ಆಪರೇಟಿಂಗ್ ಸಿಸ್ಟಮ್ ಅಥವಾ ಡಾಕರ್ ಇಮೇಜ್ ಹೊಸದಾದಾಗ ಐಸಿಯುವಿನ ಆವೃತ್ತಿಯೂ ಬದಲಾಗಬಹುದು. ಆಗ ಟೆಂಪ್ಲೇಟಿನ ಕೊಲೇಷನ್ (ಪಠ್ಯ ಜೋಡಿಸುವ ಕ್ರಮ) ಆವೃತ್ತಿ ಹೊಂದುತ್ತಿಲ್ಲ ಎಂದು ಹೇಳಿ ಪೋಸ್ಟ್‌ಗ್ರೆಸ್ ಹೊಸ ಡೇಟಾಬೇಸ್ ಮಾಡಲು ನಿರಾಕರಿಸುತ್ತದೆ. ಗಾಬರಿ ಬೇಡ. ಅಲೋ_ಕನೆಕ್ಷನ್ಸ್ ತೆರೆದು, ಟೆಂಪ್ಲೇಟಿನೊಳಗೆ ಹೋಗಿ ರೀಇಂಡೆಕ್ಸ್ ಡೇಟಾಬೇಸ್ ಓಡಿಸಿ, ನಂತರ ಆಲ್ಟರ್ ಡೇಟಾಬೇಸ್ ಗ್ರಂಥ_ಮಾದರಿ ರಿಫ್ರೆಶ್ ಕೊಲೇಷನ್ ವರ್ಷನ್ ಎಂದು ಹೇಳಿ ಮತ್ತೆ ಮುಚ್ಚಿ. ಎರಡನೆಯದನ್ನು ಮಾತ್ರ ಮಾಡಿ ಮೊದಲನೆಯದನ್ನು ಬಿಡುವುದು ಎಚ್ಚರಿಕೆಯ ಬಾಯಿ ಮುಚ್ಚಿಸಿದಂತಾಗುತ್ತದೆ ಅಷ್ಟೇ, ಹಳೆಯ ಕ್ರಮದ ಇಂಡೆಕ್ಸ್ ಹಾಗೆಯೇ ಉಳಿಯುತ್ತದೆ. ಇದೇ ಕೆಲಸ ಬಳಕೆಯಲ್ಲಿರುವ ಪ್ರತಿ ಡೇಟಾಬೇಸಿಗೂ ಆಗಬೇಕು, ಅಲ್ಲಿ ಬಿಡುವಿನ ವೇಳೆ ನೋಡಿಕೊಂಡು ಮಾಡಿ.

ವಿನ್ಯಾಸ ತುಂಬಾ ಬದಲಾದಾಗ ಹಳೆಯ ಟೆಂಪ್ಲೇಟನ್ನು ತೇಪೆ ಹಾಕುತ್ತ ಕೂರುವುದಕ್ಕಿಂತ ಸ್ಕ್ರಿಪ್ಟಿನಿಂದ ಗ್ರಂಥ_ಮಾದರಿ_2 ಎಂದು ಹೊಸದನ್ನೇ ಕಟ್ಟಿ. ಅದರಿಂದ ಒಂದು ಡೇಟಾಬೇಸ್ ಮಾಡಿ, ಹಳೆಯ ಡೇಟಾಬೇಸಿಗೆ ಎಲ್ಲ ಮೈಗ್ರೇಶನ್ ಓಡಿಸಿ, ಎರಡರ ರಚನೆಯನ್ನು ಪಿಜಿ_ಡಂಪ್‌ನ ಸ್ಕೀಮಾ ಮಾತ್ರ ಎಂಬ ಆಯ್ಕೆಯಿಂದ ತೆಗೆದು ಡಿಫ್ ಮಾಡಿ ನೋಡಿ. ವ್ಯತ್ಯಾಸವಿಲ್ಲದಿದ್ದರೆ ಹೊಸದು ಬಳಕೆಗೆ ಸಿದ್ಧ. ಹಳೆಯದನ್ನು ಅಳಿಸಲು ಮೊದಲು ಈಸ್_ಟೆಂಪ್ಲೇಟ್ ಫಾಲ್ಸ್ ಮಾಡಿ, ಆಮೇಲೆ ಡ್ರಾಪ್ ಡೇಟಾಬೇಸ್ ಕೊಡಿ.